ಸಿಗ್ನಲ್ ಸ್ನೇಹವನ್ನು ನಂಬಬೇಡಿ: ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿಗಳ ಕ್ಲಸ್ಟರ್ ಕಟ್ಟುವ ಬಗೆ

ಪ್ರತಿ ವರ್ಷ ಪ್ರಾಜೆಕ್ಟ್ ಗಡುವು ಹತ್ತಿರ ಬಂದಾಗ ಯಾರಾದರೂ ಫೈನಲ್ ಇಯರ್ ಮಕ್ಕಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಗಾಡಿಗಳ ಕ್ಲಸ್ಟರಿಂಗ್ ಮಾಡಿದ್ವಿ. ಆದ್ರೆ ಹೆಡ್ ಎರಡು ಸೆಕೆಂಡಿಗೊಂದು ಸಲ ಬದಲಾಗ್ತಿದೆ, ಗುಂಪು ನಿಲ್ತಾನೇ ಇಲ್ಲ." ಕ್ಲಸ್ಟರಿಂಗ್ ಎಂದರೆ ರೇಡಿಯೋದಲ್ಲಿ ಒಂದಕ್ಕೊಂದು ಮಾತಾಡುವ ಗಾಡಿಗಳನ್ನು ಗುಂಪುಗಳಾಗಿ ಕಟ್ಟುವುದು; ಹೆಡ್ ಎಂದರೆ ಆ ಗುಂಪಿನ ಪರವಾಗಿ ಮಾತಾಡುವ ಮುಂದಾಳು ಗಾಡಿ. ಕೋಡ್ ನೋಡುವ ಮೊದಲೇ ನಾನು ಕೇಳುವುದು ಒಂದೇ ಪ್ರಶ್ನೆ: "ಗುಂಪು ಕಟ್ಟಿಕೊಳ್ತಿರೋದು ಎಲ್ಲಿ?" ಮ್ಯಾಪ್ ಹಿಗ್ಗಿಸಿ ನೋಡಿ, ಸ್ವಲ್ಪ ಮುಜುಗರದಿಂದಲೇ ಹೇಳುತ್ತಾರೆ: "ಸಿಗ್ನಲ್‌ನಲ್ಲಿ."

ಸಿಲ್ಕ್ ಬೋರ್ಡ್‌ನ ಕೆಂಪು ದೀಪದ ಮುಂದೆ ನಿಂತ ಗಾಡಿಗಳನ್ನು ನೆನೆಸಿಕೊಳ್ಳಿ. ಎಲ್ಲರ ವೇಗ ಸೊನ್ನೆ, ಅಂತರ ಒಂದೆರಡು ಅಡಿ. ಪುಸ್ತಕದ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿ ಗುಂಪು ಇನ್ನೊಂದಿಲ್ಲ. ಹಸಿರು ಬಿದ್ದು ಹತ್ತು ಸೆಕೆಂಡಾಗುವಷ್ಟರಲ್ಲಿ ಒಬ್ಬರು ಹೊಸೂರು ರಸ್ತೆಗೆ, ಒಬ್ಬರು ಮಡಿವಾಳದ ಕಡೆಗೆ, ಒಬ್ಬರು ಅಗರದ ಕಡೆಗೆ. ಸಂತೆಯಲ್ಲಿ ಪಕ್ಕಪಕ್ಕ ನಿಂತವರೆಲ್ಲ ಒಂದೇ ಊರಿನವರಲ್ಲ. ಈಗ ಯಾರು ಹತ್ತಿರ ಇದ್ದಾರೆ ಎಂಬುದನ್ನು ಬಿಟ್ಟು, ಯಾರು ಎಷ್ಟು ಹೊತ್ತು ಜೊತೆಗೆ ಬರುತ್ತಾರೆ ಎಂದು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಓದುವವರಿಗೆ ಸಿಮ್ಯುಲೇಷನ್ ಅಲ್ಪಸ್ವಲ್ಪ ಗೊತ್ತಿದೆ ಎಂದುಕೊಳ್ಳುತ್ತೇನೆ.

ಗುಂಪು ಯಾಕೆ ಬೇಕು: ಒಂದು ಸಣ್ಣ ಲೆಕ್ಕ

ಗಾಡಿಯಿಂದ ಗಾಡಿಗೆ ಮಾತಾಡಲು 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ 802.11ಪಿ ಎಂಬ ಮಾನಕ 2010ರಲ್ಲಿ ಬಂತು. ಆಮೇಲೆ ಮೊಬೈಲ್ ಜಾಲದವರ ಸೆಲ್ಯುಲಾರ್ ವಿ2ಎಕ್ಸ್ (ಗಾಡಿಯು ಸುತ್ತಲಿನ ಎಲ್ಲದರ ಜೊತೆ ಮಾತಾಡುವ ತಂತ್ರ) ಬಂತು. ಯಾವುದನ್ನೇ ತಗೊಳ್ಳಿ, ಪ್ರತಿ ಗಾಡಿಯೂ ಸೆಕೆಂಡಿಗೆ 10 ಸಲದವರೆಗೆ "ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು" ಎಂದು ಕೂಗುತ್ತದೆ. ಈ ಕೂಗಿಗೆ ಬೀಕನ್ ಎನ್ನುತ್ತೇವೆ.

ಒಂದು ಬೀಕನ್ 300 ಬೈಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಎಂದರೆ ಒಂದು ಗಾಡಿಗೆ 24 ಕಿಲೋಬಿಟ್. 802.11ಪಿಯ 10 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ವೇಗ ಸೆಕೆಂಡಿಗೆ 6 ಮೆಗಾಬಿಟ್. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳದೆ ಅಚ್ಚುಕಟ್ಟಾಗಿ ಸರದಿಯಲ್ಲಿ ಮಾತಾಡಿದರೂ 250 ಗಾಡಿಗೆ ಚಾನೆಲ್ ಮುಗಿಯಿತು. ನಿಜದಲ್ಲಿ ಅದಕ್ಕಿಂತ ಬಹಳ ಮೊದಲೇ ಕೂಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಈಗ ಔಟರ್ ರಿಂಗ್ ರೋಡಿಗೆ ಬನ್ನಿ. ಎರಡೂ ಕಡೆ ಸೇರಿ 8 ಲೇನ್, ಜಾಮ್‌ನಲ್ಲಿ ಒಂದು ಕಾರಿಗೆ 7 ಮೀಟರ್ ಜಾಗ, ರೇಡಿಯೋ ಸುತ್ತಲೂ 250 ಮೀಟರ್ ಮುಟ್ಟುತ್ತದೆ ಎಂದರೆ ನಿಮ್ಮ ಕಿವಿಗೆ ಬೀಳುವ ಕಾರುಗಳೇ 570ರ ಹತ್ತಿರ. ಸಂದಿಗೊಂದಿಯ ದ್ವಿಚಕ್ರ ವಾಹನಗಳನ್ನು ಇನ್ನೂ ಎಣಿಸಿಲ್ಲ. ಅದಕ್ಕೇ ಗುಂಪು: ಗುಂಪಿನೊಳಗಿನ ಮಾತು ಹೆಡ್‌ಗೆ, ಗುಂಪಿನಿಂದ ಗುಂಪಿಗೆ ಹೆಡ್‌ಗಳ ನಡುವೆ. ಆಗ ಸದಸ್ಯರು ಬೀಕನ್ ಕಡಿಮೆ ಮಾಡಬಹುದು, ಸುದ್ದಿ ಮುಂದಕ್ಕೆ ಸಾಗಿಸುವ ಕೆಲಸ ಎಲ್ಲರ ತಲೆಯ ಮೇಲೂ ಬೀಳುವುದಿಲ್ಲ. ಆದರೆ ಹೆಡ್ ಪದೇಪದೇ ಬದಲಾದರೆ, ಉಳಿಸಿದ ಚಾನೆಲ್ಲೆಲ್ಲ "ಈಗ ಹೆಡ್ ಯಾರು?" ಎಂದು ಕೇಳುವುದರಲ್ಲೇ ಖರ್ಚಾಗುತ್ತದೆ.

ಮೊದಲು ರಸ್ತೆ ಸರಿಮಾಡಿಕೊಳ್ಳಿ

ಆಲ್ಗಾರಿದಮ್ ಬರೆಯುವ ಉತ್ಸಾಹದಲ್ಲಿ ಎಲ್ಲರೂ ಹಾರಿಸಿಬಿಡುವ ಹಂತ ಇದು. ನಾನೂ ಹಾರಿಸಿದ್ದೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಶುರುಮಾಡಿದ ಸುಮೋ ಎಂಬ, ಸಂಚಾರದ ಸಿಮ್ಯುಲೇಷನ್ ಮಾಡುವ ಉಚಿತ ತಂತ್ರಾಂಶವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬೇಕಾದ ಚೌಕ ಕತ್ತರಿಸಿ ಕೊಟ್ಟರೆ ಅದರಲ್ಲಿ ಗಾಡಿ ಓಡಿಸುತ್ತದೆ. ನನ್ನ ಮೊದಲ ಓಟದಲ್ಲಿ ಎರಡು ವಾರ ಗುಂಪುಗಳು ಜಂಕ್ಷನ್‌ಗಳಲ್ಲಿ ವಿಚಿತ್ರವಾಗಿ ಒಡೆಯುತ್ತಿದ್ದವು. ಕೊನೆಗೆ ಪಕ್ಕದಲ್ಲಿ ಕೂತಿದ್ದ ಲ್ಯಾಬ್ ಅಸಿಸ್ಟೆಂಟ್ ಪರದೆಯತ್ತ ಬಗ್ಗಿ, "ಇದೇನ್ ಮೇಡಂ, ಎಲ್ರೂ ರಾಂಗ್ ಸೈಡಲ್ಲಿ ಹೋಗ್ತಿದಾರೆ" ಎಂದರು. ನಕ್ಷೆ ಬದಲಿಸುವಾಗ ಎಡಬದಿ ಸಂಚಾರದ ಆಯ್ಕೆ ಕೊಡುವುದನ್ನೇ ನಾನು ಮರೆತಿದ್ದೆ. ಬೆಂಗಳೂರಿನವರೆಲ್ಲ ಬಲಕ್ಕೆ ಗಾಡಿ ಓಡಿಸುತ್ತಿದ್ದರು.

ಅದರ ಜೊತೆಗೆ ಇನ್ನು ನಾಲ್ಕು ಕಡೆ ಕೈ ಹಾಕಬೇಕು.

ಸುಮೋದಲ್ಲಿ ಒಂದೇ ಕಡೆ 300 ಸೆಕೆಂಡ್ ಸಿಕ್ಕಿಹಾಕಿಕೊಂಡ ಗಾಡಿಯನ್ನು ಎತ್ತಿ ಮುಂದಿನ ಖಾಲಿ ರಸ್ತೆಗೆ ಹಾಕುವ ಏರ್ಪಾಡು ತಾನೇ ತಾನಾಗಿ ಇರುತ್ತದೆ. ಐದು ನಿಮಿಷ ನಿಂತವರನ್ನು ದೇವರೇ ಎತ್ತಿ ಆಚೆ ಬಿಡುವಂತಿದ್ದರೆ ಮಾರತ್ತಹಳ್ಳಿಯವರ ಬದುಕೇ ಬೇರೆ ಇರುತ್ತಿತ್ತು. ಹಾಗೆ ಮಾಯವಾದ ಗಾಡಿ ನಿಮ್ಮ ಲೆಕ್ಕದಲ್ಲಿ "ಸದಸ್ಯ ಬಿಟ್ಟುಹೋದ" ಎಂದು ದಾಖಲಾಗುತ್ತದೆ. ಆ ಸಮಯಕ್ಕೆ ಮೈನಸ್ 1 ಕೊಟ್ಟು ಏರ್ಪಾಡನ್ನು ಆರಿಸಿ.

ಸಿಗ್ನಲ್ ಸಮಯವೂ ಅಷ್ಟೇ. ನಕ್ಷೆಯಲ್ಲಿ ಸಿಗ್ನಲ್ ಇದೆ ಎಂದು ಮಾತ್ರ ಇರುತ್ತದೆ. ಎಷ್ಟು ಹೊತ್ತಿನ ಸುತ್ತು ಎಂಬುದನ್ನು ಸುಮೋ 90 ಸೆಕೆಂಡ್ ಎಂದು ತಾನೇ ಊಹಿಸುತ್ತದೆ. ನೀವು ಆರಿಸಿದ ಜಂಕ್ಷನ್‌ಗೆ ಸಂಜೆ ಆರೂವರೆಗೆ ಹೋಗಿ, ಫುಟ್‌ಪಾತ್ ಮೇಲೆ ನಿಂತು, ಫೋನಿನ ಸ್ಟಾಪ್‌ವಾಚ್ ಒತ್ತಿ ಐದಾರು ಸುತ್ತು ಅಳೆಯಿರಿ. ಪೊಲೀಸರು ಕೈಯಲ್ಲಿ ನಡೆಸುತ್ತಿದ್ದರೆ ಒಂದೊಂದು ಸುತ್ತೂ ಒಂದೊಂದು ಥರ ಇರುತ್ತದೆ. ಅದನ್ನೂ ಬರೆದುಕೊಳ್ಳಿ, ಏಕೆಂದರೆ ನಿಮ್ಮ ಗುಂಪು ಎದುರಿಸಬೇಕಾದದ್ದು ಅದನ್ನೇ.

ಸ್ಕೂಟರು, ಬೈಕುಗಳಿಗೆ ಲೇನಿನೊಳಗೆ ಅಡ್ಡಾಡುವ ಸ್ವಾತಂತ್ರ್ಯ ಕೊಡಿ. ಸುಮೋದಲ್ಲಿ ಒಂದು ಲೇನನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುವ ಮಾದರಿ ಇದೆ; ಪಟ್ಟಿಯ ಅಗಲ 0.8 ಮೀಟರ್‌ನಷ್ಟು ಇಟ್ಟರೆ ಬೈಕುಗಳು ಸಂದಿಯಲ್ಲಿ ನುಸುಳಿ ಸಿಗ್ನಲ್ ಮುಂದಕ್ಕೆ ಬರುತ್ತವೆ. ಇಲ್ಲದಿದ್ದರೆ ಕಾರಿನ ಹಿಂದೆ ವಿಧೇಯವಾಗಿ ಸಾಲಲ್ಲಿ ನಿಲ್ಲುತ್ತವೆ. ಅಂಥ ಬೈಕನ್ನು ನಾನು ಈ ಊರಲ್ಲಿ ಕಂಡಿಲ್ಲ.

ಕೊನೆಯದು ಪ್ರಯಾಣಗಳು. ಯಾದೃಚ್ಛಿಕವಾಗಿ ಹುಟ್ಟಿಸಿದರೆ ಅರ್ಧ ಗಾಡಿಗಳು ನಡುರಸ್ತೆಯಲ್ಲಿ ಉದ್ಭವಿಸಿ ನಡುರಸ್ತೆಯಲ್ಲೇ ಕರಗುತ್ತವೆ. ನಕ್ಷೆಯ ಅಂಚಿನಿಂದ ಅಂಚಿಗೆ ಹೋಗುವವರ ಪ್ರಮಾಣ ಹೆಚ್ಚಿಸಿ.

ಬೀಕನ್ ಒಳಗೆ ಏನಿರಬೇಕು

ಗುರುತು ಸಂಖ್ಯೆ, ಸ್ಥಾನ, ವೇಗ, ದಿಕ್ಕು ಹೇಗೂ ಇರುತ್ತವೆ. ಅವುಗಳ ಜೊತೆ ನಾಲ್ಕನ್ನು ಸೇರಿಸಿ: ಈಗಿನ ಸ್ಥಿತಿ (ಒಂಟಿ, ಉಮೇದುವಾರ, ಸದಸ್ಯ, ಹೆಡ್), ಹೆಡ್‌ನ ಗುರುತು, ತನ್ನ ಅಂಕ (ಹೆಡ್ ಆಗಲು ಎಷ್ಟು ಯೋಗ್ಯ ಎಂಬುದು; ಲೆಕ್ಕ ಮುಂದೆ ಬರುತ್ತದೆ), ಮತ್ತು ಮುಂದಿನ ಜಂಕ್ಷನ್‌ನಲ್ಲಿ ಎತ್ತ ತಿರುಗುತ್ತೇನೆ ಎಂಬುದು. ಪೂರ್ತಿ ದಾರಿ ಹಾಕಬೇಡಿ. ಯಾರು ಎಲ್ಲಿಗೆ ಹೋಗುತ್ತಾರೆಂದು ಊರಿಗೆಲ್ಲ ಸಾರುವುದು ಸರಿಯಲ್ಲ, ಒಂದು ಜಂಕ್ಷನ್ ಸಾಕು. ಗೊತ್ತಿಲ್ಲದವರು ಖಾಲಿ ಬಿಡಲಿ.

ಲೇನ್ ನೋಡಿ ತಿರುವನ್ನು ಊಹಿಸೋಣ ಎಂದು ಒಬ್ಬ ಹುಡುಗ ಬಹಳ ಉತ್ಸಾಹದಿಂದ ಬರೆದುಕೊಂಡು ಬಂದಿದ್ದ. ಬಲತುದಿಯ ಲೇನಿನಿಂದ ಎಡಕ್ಕೆ ತಿರುಗುವ ಮಹಾನುಭಾವರಿರುವ ಊರಿನಲ್ಲಿ ಅದು ನಡೆಯದು. ಇಂಡಿಕೇಟರ್ ವಿಷಯ ಕೇಳಲೇಬೇಡಿ.

ಇನ್ನೊಂದು ಎಚ್ಚರಿಕೆ. ಸಿಮ್ಯುಲೇಟರ್‌ನಲ್ಲಿ ಪ್ರತಿ ಗಾಡಿಯ ಪೂರ್ತಿ ದಾರಿ ನಿಮ್ಮ ಕೈಗೆ ಸಿಗುತ್ತದೆ. ಅದನ್ನು ನೇರವಾಗಿ ಎತ್ತಿ ಬಳಸಿದರೆ ಫಲಿತಾಂಶ ಫಳಫಳ ಹೊಳೆಯುತ್ತದೆ, ಆದರೆ ಅದು ಉತ್ತರಪತ್ರಿಕೆ ನೋಡಿ ಬರೆದ ಪರೀಕ್ಷೆ. ಬೀಕನ್‌ನಲ್ಲಿ ಬಂದದ್ದನ್ನು ಮಾತ್ರ ಬಳಸಿ.

ಎಷ್ಟು ಹೊತ್ತು ಜೊತೆ: ಮುಖ್ಯ ಲೆಕ್ಕ

ಪ್ರತಿ ಗಾಡಿಯೂ ಬೀಕನ್ ಕೇಳಿಸಿಕೊಂಡು ನೆರೆಹೊರೆಯ ಪಟ್ಟಿ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಕೇಳಬೇಕಾದ ಪ್ರಶ್ನೆ: ಇವರು ರೇಡಿಯೋ ವ್ಯಾಪ್ತಿಯಿಂದ ಹೊರಗೆ ಹೋಗಲು ಎಷ್ಟು ಸೆಕೆಂಡ್? ನೇರ ರಸ್ತೆಯಲ್ಲಿ ಲೆಕ್ಕ ಸುಲಭ: ಉಳಿದಿರುವ ದೂರವನ್ನು ವೇಗದ ವ್ಯತ್ಯಾಸದಿಂದ ಭಾಗಿಸಿ.

ವ್ಯಾಪ್ತಿ 250 ಮೀಟರ್. ನೀವು ಗಂಟೆಗೆ 40 ಕಿ.ಮೀ., ನಿಮಗಿಂತ 100 ಮೀಟರ್ ಮುಂದೆ 50ರಲ್ಲಿ ಹೋಗುತ್ತಿರುವ ಕ್ಯಾಬ್. ವ್ಯತ್ಯಾಸ ಸೆಕೆಂಡಿಗೆ 2.78 ಮೀಟರ್, ಉಳಿದ ದೂರ 150. ಸುಮಾರು 54 ಸೆಕೆಂಡ್ ಜೊತೆ. ಅದೇ ಕ್ಯಾಬ್ 100 ಮೀಟರ್ ಹಿಂದೆ ಇದ್ದರೆ, ನಿಮ್ಮನ್ನು ಮುಟ್ಟಿ, ದಾಟಿ, ಆಚೆ ಹೋಗಬೇಕು. 350 ಮೀಟರ್, ಅಂದರೆ ಸುಮಾರು 126 ಸೆಕೆಂಡ್. ಅಂತರ ಅಷ್ಟೇ, ವೇಗಗಳೂ ಅವೇ. ಮುಂದಿದ್ದಾರಾ ಹಿಂದಿದ್ದಾರಾ ಎಂಬುದರ ಮೇಲೆ ಜೊತೆಗಿರುವ ಸಮಯ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ಗಾಡಿಯಾದರೆ ಬರೀ 14 ಸೆಕೆಂಡ್. ಹಾಗಾಗಿ ದಿಕ್ಕಿನಲ್ಲಿ 45 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದವರನ್ನು ಪಟ್ಟಿಗೇ ಸೇರಿಸಬೇಡಿ. ಹೆಬ್ಬಾಳದ ಲೂಪಿನಂಥ ಸುತ್ತುವ ರ‍್ಯಾಂಪ್‌ಗಳಲ್ಲಿ ಮಾತ್ರ ಈ ನಿಯಮ ಮೋಸ ಮಾಡುತ್ತದೆ; ಅಲ್ಲಿ ದಿಕ್ಕಿನ ಬದಲು ಯಾವ ರಸ್ತೆಯ ತುಣುಕಿನಲ್ಲಿದ್ದಾರೆ ಎಂದು ನೋಡಿ.

2001ರಲ್ಲಿ ಬಂದ ಮೊಬಿಕ್ ಎಂಬ ವಿಧಾನ ಇದನ್ನು ಜಿಪಿಎಸ್ ಇಲ್ಲದೆಯೇ ಮಾಡುತ್ತದೆ. ಒಬ್ಬರಿಂದಲೇ ಬಂದ ಎರಡು ಸಂದೇಶಗಳ ರೇಡಿಯೋ ಸಿಗ್ನಲ್ ಬಲ ಹೋಲಿಸಿ, ಹತ್ತಿರ ಬರುತ್ತಿದ್ದಾರೋ ದೂರ ಹೋಗುತ್ತಿದ್ದಾರೋ ಎಂದು ಅಂದಾಜು ಮಾಡುತ್ತದೆ. ಉಪಾಯ ಸೊಗಸಾಗಿದೆ. ಆದರೆ ನಿಮಗೂ ಪಕ್ಕದ ಕಾರಿಗೂ ನಡುವೆ ಒಂದು ಬಿಎಂಟಿಸಿ ಬಸ್ಸು ನುಗ್ಗಿದರೆ ಸಿಗ್ನಲ್ ಥಟ್ಟನೆ ಕುಸಿಯುತ್ತದೆ, ಕಾರು ಓಡಿಹೋಯಿತು ಎಂದು ಲೆಕ್ಕ ತಿಳಿದುಕೊಳ್ಳುತ್ತದೆ. ನಗರದೊಳಗೆ ನಾನು ಜಿಪಿಎಸ್ ಲೆಕ್ಕವನ್ನೇ ಮುಖ್ಯ ಮಾಡಿ, ಸಿಗ್ನಲ್ ಬಲವನ್ನು ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ.

ವೇಗವನ್ನು ಕ್ಷಣಕ್ಷಣದ್ದು ತೆಗೆದುಕೊಂಡರೆ ಬ್ರೇಕ್ ಒತ್ತಿದಾಗಲೆಲ್ಲ ಗುಂಪು ಕದಲುತ್ತದೆ. ಸೆಕೆಂಡಿಗೊಮ್ಮೆ ಹಳೆಯ ಬೆಲೆಯ 80 ಪಾಲು, ಹೊಸದರ 20 ಪಾಲು ಕೂಡಿಸಿ ಮೆತ್ತಗೆ ಮಾಡಿಕೊಳ್ಳಿ. ಫಲಿತಾಂಶಕ್ಕೆ 60 ಸೆಕೆಂಡ್ ಮೇಲ್ಮಿತಿ ಇಡಿ. ಇಲ್ಲದಿದ್ದರೆ ಒಂದೇ ವೇಗದ ಎರಡು ಗಾಡಿಗಳಿಗೆ ಸೊನ್ನೆಯಿಂದ ಭಾಗಿಸಿ ಪ್ರೋಗ್ರಾಂ ಬೀಳುತ್ತದೆ, ಇಲ್ಲವೇ ಅನಂತ ಕಾಲದ ಗೆಳೆತನ ಸಿಗುತ್ತದೆ.

ಕೆಂಪು ದೀಪದಲ್ಲಿ ಮಾಡಬೇಕಾದ್ದು

60ರ ಮೇಲ್ಮಿತಿ ಇಟ್ಟರೂ ಸಿಗ್ನಲ್‌ನಲ್ಲಿ ನಿಂತವರಿಗೆಲ್ಲ ಪೂರ್ತಿ 60 ಸಿಗುತ್ತದೆ. ಇದಕ್ಕೆ ನಾನು ಹಾಕಿಕೊಂಡಿರುವ ನಿಯಮ ಎರಡು.

ಒಂದು, ವೇಗ ಸೆಕೆಂಡಿಗೆ 2 ಮೀಟರ್‌ಗಿಂತ ಇಳಿದರೆ ಜೊತೆಗಿರುವ ಸಮಯದ ಲೆಕ್ಕವನ್ನು ಅಲ್ಲೇ ನಿಲ್ಲಿಸಿ, ನಿಲ್ಲುವ ಮೊದಲಿನ ಬೆಲೆಯನ್ನೇ ಉಳಿಸಿಕೊಳ್ಳುವುದು. ನಿಂತಾಗ ಹೆಡ್ ಆರಿಸುವ ಚುನಾವಣೆಯೂ ಇಲ್ಲ, ಗುಂಪುಗಳ ವಿಲೀನವೂ ಇಲ್ಲ.

ಎರಡು, ನಿಂತಿದ್ದಾಗ ಸಿಕ್ಕ ಹೊಸಬರು ಬರೀ ಉಮೇದುವಾರರು. ಹೆಡ್‌ನ ಸುದ್ದಿ ಅವರಿಗೂ ಕೇಳುತ್ತದೆ; ಅಂಬ್ಯುಲೆನ್ಸ್ ಬರುತ್ತಿದೆ ಎಂಬ ಎಚ್ಚರಿಕೆಯನ್ನು ಯಾರಿಂದಲೂ ಮುಚ್ಚಿಡಬೇಕಿಲ್ಲ. ಆದರೆ ಅಂಕದ ಲೆಕ್ಕಕ್ಕೆ ಅವರಿಲ್ಲ. ಜೊತೆಯಲ್ಲಿ 100 ಮೀಟರ್ ಸಾಗಿದ ಮೇಲೆ ಸದಸ್ಯತ್ವ. ಮೊದಲು ನಾನು ಇದನ್ನು "8 ಸೆಕೆಂಡ್ ಜೊತೆಗಿದ್ದರೆ" ಎಂದು ಇಟ್ಟಿದ್ದೆ. ಸಂಜೆಯ ರಿಂಗ್ ರೋಡಿನಲ್ಲಿ 8 ಸೆಕೆಂಡಿಗೆ ಗಾಡಿ ಎರಡು ಮಾರು ಕೂಡ ಸರಿಯುವುದಿಲ್ಲ, ಎಲ್ಲರೂ ಪಾಸಾಗುತ್ತಿದ್ದರು. ಸಮಯ ತೆಗೆದು ದೂರ ಹಾಕಿದ ದಿನದಿಂದ ಸಿಗ್ನಲ್ ಸ್ನೇಹದ ಕಾಟ ಬಹುಪಾಲು ತಪ್ಪಿತು.

ಹೆಡ್ ಯಾರಾಗಬೇಕು

ಬಹಳ ಹಳೆಯ ವಿಧಾನವೊಂದರಲ್ಲಿ ಕಡಿಮೆ ಗುರುತು ಸಂಖ್ಯೆ ಇದ್ದವರೇ ಹೆಡ್. ಹೋಲಿಕೆಗೆ ಅದನ್ನು ಖಂಡಿತ ಓಡಿಸಿ, ಬಳಸುವುದಕ್ಕಲ್ಲ. ನಾನು ಮೂರು ಅಂಶಗಳಿಗೆ ಅಂಕ ಕೊಡುತ್ತೇನೆ, ಎಲ್ಲವನ್ನೂ 0ಯಿಂದ 1ರೊಳಗೆ ತಂದು: ನೆರೆಯವರೊಂದಿಗೆ ಜೊತೆಗಿರುವ ಸರಾಸರಿ ಸಮಯಕ್ಕೆ 0.5 ತೂಕ, ನೆರೆಯವರ ಸಂಖ್ಯೆಗೆ 0.2, ದಾರಿಯ ಖಾತ್ರಿಗೆ 0.3. ಇವು ಶುರುವಿಗಷ್ಟೇ, ನಿಮ್ಮ ರಸ್ತೆಗೆ ತಕ್ಕಂತೆ ತಿದ್ದಿಕೊಳ್ಳಿ.

ಎಚ್ಎಸ್ಆರ್ ಹತ್ತಿರ ರಿಂಗ್ ರೋಡಿನಲ್ಲಿ ಮೂವರನ್ನು ತೂಗಿ ನೋಡೋಣ. ಹೆಬ್ಬಾಳದ ಕಡೆ ಹೊರಟ 500-ಡಿ ಬಸ್ಸು: ಸರಾಸರಿ 36 ಸೆಕೆಂಡ್ ಜೊತೆ, ಅಂದರೆ 0.6; ಗರಿಷ್ಠ 40ರಲ್ಲಿ 24 ನೆರೆಯವರು, 0.6, ದಾರಿ ಪೂರ್ತಿ ಖಚಿತ, 1. ಒಟ್ಟು 0.72. ಮುಂದಿನ ತಿರುವು ಮಾತ್ರ ಗೊತ್ತಿರುವ ಕ್ಯಾಬ್: 42 ಸೆಕೆಂಡ್, 24 ನೆರೆಯವರು, ದಾರಿಗೆ 0.5. ಒಟ್ಟು 0.62. ಸ್ಕೂಟರ್: 48 ಸೆಕೆಂಡ್, 30 ನೆರೆಯವರು, ದಾರಿ ಗೊತ್ತಿಲ್ಲ. ಒಟ್ಟು 0.55. ದಾರಿಯ ಅಂಕ ಇಲ್ಲದಿದ್ದರೆ ಗೆಲ್ಲುತ್ತಿದ್ದುದು ಸ್ಕೂಟರ್! ಮುಂದಿನ ಸಿಗ್ನಲ್‌ನಲ್ಲಿ ಅದು ಸಂದಿಯಲ್ಲಿ ನುಸುಳಿ ಎಲ್ಲರಿಗಿಂತ ಮುಂದೆ ಹೋಗುತ್ತಿತ್ತು, ಗುಂಪು ಅನಾಥ. ದ್ವಿಚಕ್ರ ವಾಹನ ಸದಸ್ಯನಾಗಿ ಇರಲಿ, ಬೇರೆ ಯಾರೂ ಇಲ್ಲದ ಹೊರತು ಹೆಡ್ ಬೇಡ.

ಗೆದ್ದವರು ಯಾರೆಂದು ಘೋಷಿಸಲು ಮಧ್ಯದಲ್ಲಿ ಯಾರೂ ಬೇಕಿಲ್ಲ. ಪ್ರತಿಯೊಬ್ಬರೂ 500 ಮಿಲಿಸೆಕೆಂಡನ್ನು (1 − ಅಂಕ) ಇಂದ ಗುಣಿಸಿದಷ್ಟು ಹೊತ್ತು ಸುಮ್ಮನಿರಲಿ. ಬಸ್ಸಿಗೆ 140, ಕ್ಯಾಬ್‌ಗೆ 190, ಸ್ಕೂಟರಿಗೆ 225 ಮಿಲಿಸೆಕೆಂಡ್. ಮೊದಲು ಬಾಯಿಬಿಟ್ಟ ಬಸ್ಸೇ ಹೆಡ್. ಅದನ್ನು ಕೇಳಿಸಿಕೊಂಡವರು ಸ್ಪರ್ಧೆ ಬಿಟ್ಟು ಸೇರಿಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಅಂಕ ಬಂದು ಒಟ್ಟಿಗೆ ಕೂಗದಂತೆ ಕೆಲವು ಮಿಲಿಸೆಕೆಂಡ್ ಯಾದೃಚ್ಛಿಕವಾಗಿ ಸೇರಿಸಿ.

ಬಸ್ಸಿನಲ್ಲಿ ಒಂದು ತೊಡಕಿದೆ, ಅದು ಸ್ಟಾಪಿನಲ್ಲಿ ನಿಲ್ಲುತ್ತದೆ. ಉಳಿದವರು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಮುಂದೆ ಹೋದರೆ, ಪಕ್ಕದಲ್ಲಿದ್ದವರೂ 31 ಸೆಕೆಂಡಿನಲ್ಲಿ ವ್ಯಾಪ್ತಿ ದಾಟುತ್ತಾರೆ. ಕಂಡಕ್ಟರ್ "ಒಳಗೆ ಹೋಗ್ರಿ, ಒಳಗೆ ಹೋಗ್ರಿ" ಎನ್ನುತ್ತಿರುವಾಗಲೇ ಗುಂಪು ಚದುರಿರುತ್ತದೆ. ಆದರೆ ಎಲ್ಲಿ ನಿಲ್ಲುತ್ತೇನೆಂದು ಬಸ್ಸಿಗೆ ಮೊದಲೇ ಗೊತ್ತಲ್ಲ? ಸ್ಟಾಪಿಗೆ 150 ಮೀಟರ್ ಇರುವಾಗಲೇ ಪಟ್ಟಿಯಲ್ಲಿ ಎರಡನೆಯವರಾದ ಕ್ಯಾಬ್‌ಗೆ ಅಧಿಕಾರ ಒಪ್ಪಿಸಿಬಿಡಲಿ. ಇದೊಂದು ಸಂದೇಶದ ಕೆಲಸ. ಹೇಳದೆ ಕೇಳದೆ ಮಾಯವಾದ ಹೆಡ್‌ನ ಜಾಗಕ್ಕೆ ಹೊಸ ಚುನಾವಣೆ ನಡೆಸುವುದಕ್ಕಿಂತ ಎಷ್ಟೋ ಅಗ್ಗ. ಏರ್‌ಪೋರ್ಟ್‌ಗೆ ಹೋಗುವ ವಾಯು ವಜ್ರದಂಥ ಕಡಿಮೆ ನಿಲುಗಡೆಯ ಬಸ್ಸು ಸಿಕ್ಕರಂತೂ ಬಿಡಬೇಡಿ. ಬಳ್ಳಾರಿ ರಸ್ತೆಯಲ್ಲಿ ಅದಕ್ಕಿಂತ ಒಳ್ಳೆಯ ಹೆಡ್ ನನಗೆ ಸಿಕ್ಕಿಲ್ಲ.

ಕಟ್ಟಿದ್ದನ್ನು ಕಾಯುವುದು

ಮೂರು ಬೀಕನ್ ತಪ್ಪಿದರೆ ಸದಸ್ಯ ಹೋದ ಎಂದು ಹಲವರು ಬರೆಯುತ್ತಾರೆ. ಸೆಕೆಂಡಿಗೆ 10ರ ಲೆಕ್ಕದಲ್ಲಿ ಅದು 0.3 ಸೆಕೆಂಡ್, ಒಂದು ಲಾರಿ ಅಡ್ಡ ಬಂದರೆ ಮುಗಿಯಿತು. 2 ಸೆಕೆಂಡ್ ಕಾಯಿರಿ. ಹೊಸಬರ ಅಂಕ ಹೆಡ್‌ಗಿಂತ ಚೂರು ಜಾಸ್ತಿ ಎಂದು ಪಟ್ಟ ಬಿಟ್ಟುಕೊಡಬೇಡಿ, ಕನಿಷ್ಠ 20 ಪ್ರತಿಶತ ಹೆಚ್ಚಿರಲಿ. ಎರಡು ಹೆಡ್‌ಗಳು ಎದುರಾದರೆ 5 ಸೆಕೆಂಡ್ ಸುಮ್ಮನಿದ್ದು, ಆಮೇಲೂ ಜೊತೆಗಿದ್ದರೆ ಸಣ್ಣ ಗುಂಪು ದೊಡ್ಡದಕ್ಕೆ ಸೇರಲಿ. ಗುಂಪಿನ ಗಾತ್ರಕ್ಕೆ 40ರ ಮಿತಿ ಇಡಿ.

ಮೇಲ್ಸೇತುವೆ ಎಂಬ ಬಲೆ

ಹೊಸೂರು ರಸ್ತೆಯ ಮೇಲೆ 2010ರಲ್ಲಿ ತೆರೆದ, ಹೆಚ್ಚುಕಡಿಮೆ 10 ಕಿ.ಮೀ. ಉದ್ದದ ಎಲೆಕ್ಟ್ರಾನಿಕ್ ಸಿಟಿ ಎತ್ತರದ ಹೆದ್ದಾರಿ ಇದೆ. ಮೇಲಿನ ಕಾರು, ಕೆಳಗೆ ಬೊಮ್ಮನಹಳ್ಳಿಯಲ್ಲಿ ಒದ್ದಾಡುತ್ತಿರುವ ಆಟೋ, ಎರಡಕ್ಕೂ ಅಕ್ಷಾಂಶ ರೇಖಾಂಶ ಒಂದೇ, ದಿಕ್ಕೂ ಒಂದೇ. ಕೆಳಗಿನವರು ಹಸಿರಿನಲ್ಲಿ ಓಡುತ್ತಿದ್ದ ಅರ್ಧ ನಿಮಿಷ ವೇಗವೂ ಹೊಂದಬಹುದು. ಲೆಕ್ಕಕ್ಕೆ ಇಬ್ಬರೂ ಅಣ್ಣತಮ್ಮಂದಿರು. ಜಿಪಿಎಸ್ ಕೊಡುವ ಎತ್ತರದಿಂದ ಬೇರ್ಪಡಿಸೋಣ ಎಂದರೆ, ಅದರ ದೋಷ ಅಡ್ಡಳತೆಯ ದೋಷಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಸೇತುವೆಯೋ ಕೆಲವೇ ಮೀಟರ್ ಎತ್ತರ. ಸೇತುವೆ ಹತ್ತುವ ರ‍್ಯಾಂಪನ್ನು ದಾಟಿದವರು "ನಾನು ಮೇಲಿದ್ದೇನೆ" ಎಂದು ಬೀಕನ್‌ನಲ್ಲಿ ಒಂದು ಗುರುತು ಹಾಕಿಕೊಂಡು, ಇಳಿಯುವ ರ‍್ಯಾಂಪಿನಲ್ಲಿ ತೆಗೆಯುವುದೇ ನಾನು ಕಂಡ ಸರಳ ದಾರಿ. ರಾಗಿಗುಡ್ಡದ ಡಬಲ್ ಡೆಕ್ಕರ್ ಫ್ಲೈಓವರ್‌ಗೂ ಇದೇ ಮದ್ದು.

ಅಳೆಯುವಾಗ

ಹೆಡ್ ಸರಾಸರಿ ಎಷ್ಟು ಹೊತ್ತು ಹೆಡ್ ಆಗಿದ್ದ, ಸದಸ್ಯ ಎಷ್ಟು ಹೊತ್ತು ಒಂದೇ ಗುಂಪಿನಲ್ಲಿದ್ದ, ನಿಮಿಷಕ್ಕೆ ಎಷ್ಟು ಸಲ ಹೆಡ್ ಬದಲಾದರು, ಗುಂಪು ನಡೆಸಲಿಕ್ಕೇ ಎಷ್ಟು ಸಂದೇಶ ಖರ್ಚಾಯಿತು. ಈ ನಾಲ್ಕರ ಜೊತೆ ಗುಂಪಿನ ಸರಾಸರಿ ಗಾತ್ರವನ್ನೂ ಕೊಡಲೇಬೇಕು. ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮೊಬ್ಬರ ಗುಂಪಿಗೆ ತಾವೇ ಹೆಡ್ ಆಗಿ, ಹೆಡ್‌ನ ಆಯುಷ್ಯ ಪ್ರಯಾಣದುದ್ದಕ್ಕೂ ಎಂಬ ಅಮೋಘ ಫಲಿತಾಂಶ ಬರುತ್ತದೆ. ಅಂಥದೊಂದು ಗ್ರಾಫನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ತಂದು ತೋರಿಸಿದಾಗ ನಾನೂ ಮೊದಲು ಭೇಷ್ ಎಂದಿದ್ದೆ.

ರಸ್ತೆ ತುಂಬಲು ಬೇಕಾದ ಮೊದಲ 300 ಸೆಕೆಂಡಿನ ಲೆಕ್ಕ ಬಿಟ್ಟುಬಿಡಿ. ಬೇರೆ ಬೇರೆ ಯಾದೃಚ್ಛಿಕ ಬೀಜಗಳಿಂದ (ರ‍್ಯಾಂಡಮ್ ಸೀಡ್, ಅಂದರೆ ಓಟ ಶುರುಮಾಡುವ ಸಂಖ್ಯೆ) ಕನಿಷ್ಠ 10 ಸಲ ಓಡಿಸಿ. ಗಡುವಿನ ಹಿಂದಿನ ರಾತ್ರಿ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ ಒಂದೇ ಸಲ ಓಡಿಸಿ ತಂದ ಗ್ರಾಫನ್ನು ಪರೀಕ್ಷಕರು ಕೂಡಲೇ ಗುರುತಿಸುತ್ತಾರೆ.

ಸಂಖ್ಯೆಗಳು ಬಂದ ಮೇಲೆ ಒಂದು ಬಸ್ಸನ್ನು ಆರಿಸಿ, ಅದರ ಗುಂಪಿನ ಸದಸ್ಯರಿಗೆಲ್ಲ ಒಂದು ಬಣ್ಣ ಹಚ್ಚಿ, ಸಿಲ್ಕ್ ಬೋರ್ಡ್‌ನಿಂದ ಇಬ್ಬಲೂರಿನವರೆಗೆ ಪರದೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ. ಅಗರದಲ್ಲಿ ಕೋರಮಂಗಲಕ್ಕೆ ತಿರುಗಿದವರ ಬಣ್ಣ ಹೋದರೆ ಸರಿ. ನೇರ ಬಂದವರ ಬಣ್ಣವೂ ಅಲ್ಲೇ ಹೋದರೆ, ಆ ಹತ್ತು ಸೆಕೆಂಡಿನ ಲಾಗ್ ತೆರೆದು ಸಾಲುಸಾಲಾಗಿ ಓದಿ. ಬಸ್ಸು ಸ್ಟಾಪಿಗೆ ಬರುವ ಮೊದಲು ಕ್ಯಾಬ್‌ಗೆ ಕಳಿಸಿದ ಆ ಒಂದು ಸಂದೇಶ ತಲುಪಿತ್ತೇ ಎಂಬಲ್ಲಿಂದ ಶುರುಮಾಡಿ.